ಅನಂತಪುರದ ಸರೋವರ ದೇವಾಲಯ: ಇತಿಹಾಸ ಮತ್ತು ಐತಿಹ್ಯ

ಅನಂತಪುರವೆಂದೊಡನೆ ಸೆಟ್ಟೂರಿನ ನಮಗೆ ನೆನಪಾಗುವುದು ನಮ್ಮ ಜಿಲ್ಲಾ ಕೇಂದ್ರ. ಅದೇ ಹೆಸರಿನ ಮತ್ತೊಂದು ಊರು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯ ಸಮೀಪದಲ್ಲಿದೆ. ಅಲ್ಲಿನ ಅನಂತಪದ್ಮನಾಭ ದೇವಾಲಯವು ಕೇರಳದ ಏಕೈಕ ಸರೋವರ ದೇವಾಲಯವೆಂದು ಪ್ರಸಿದ್ಧವಾಗಿದೆ.

ರಚನೆ ಮತ್ತು ವಿಗ್ರಹ

ಗರ್ಭಗುಡಿಯು ಸರೋವರದ ನಡುವೆ ನಿಂತಿದ್ದು, ದಡದಿಂದ ಅಲ್ಲಿಗೆ ಕಿರುಸೇತುವೆಯೊಂದಿದೆ. ತಿರುವನಂತಪುರದ ಪದ್ಮನಾಭನು ಶೇಷನ ಮೇಲೆ ಪವಡಿಸಿದ್ದರೆ, ಇಲ್ಲಿಯ ದೇವರು ಶೇಷನ ಮೇಲೆ ಕುಳಿತಿದ್ದಾನೆ. ಮೂಲ ವಿಗ್ರಹಗಳು ಕಲ್ಲಿನವಲ್ಲ. ಅನೇಕ ದ್ರವ್ಯಗಳನ್ನು ಬೆರೆಸಿ ಸಿದ್ಧಪಡಿಸುವ ಕಡುಶರ್ಕರ ಪಾಕದವು. 1972ರಲ್ಲಿ ಅವುಗಳ ಸ್ಥಾನದಲ್ಲಿ ಪಂಚಲೋಹದ ವಿಗ್ರಹಗಳನ್ನು ಪ್ರತಿಷ್ಠಾಪಿಸಲಾಯಿತು.

ಬಿಲ್ವಮಂಗಲನ ಕಥೆ

ಬಿಲ್ವಮಂಗಲ ಮುನಿಯು ಇಲ್ಲಿ ತಪಸ್ಸು ಮಾಡುತ್ತಿದ್ದಾಗ ಅನಾಥ ಬಾಲಕನೊಬ್ಬನು ಬಂದನಂತೆ. ತನಗೆ ಅವಮಾನವಾದ ಕ್ಷಣವೇ ಹೊರಟುಹೋಗುವೆನೆಂಬ ಷರತ್ತಿನೊಂದಿಗೆ ಅವನು ಸೇವೆಗೆ ನಿಂತನು. ಒಮ್ಮೆ ಪೂಜೆಯ ವೇಳೆ ಅವನ ತುಂಟತನವನ್ನು ಸಹಿಸದೆ ಮುನಿಯು ಎಡಗೈಯಿಂದ ಅವನನ್ನು ತಳ್ಳಿದನು. ತನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬರಬೇಕೆಂದು ಹೇಳಿ ಬಾಲಕನು ಮಾಯವಾದನು. ಗುಹೆಯ ದಾರಿಯಲ್ಲಿ ಹಿಂಬಾಲಿಸಿದ ಮುನಿಗೆ, ಹಿಪ್ಪೆಯ ಮರವೊಂದು ಉರುಳಿ ಶೇಷಶಾಯಿಯ ರೂಪ ತಾಳಿದುದು ಕಾಣಿಸಿತು. ಆ ಕಾಡೇ ಇಂದಿನ ತಿರುವನಂತಪುರವೆಂಬುದು ನಂಬಿಕೆ. ಆದ್ದರಿಂದಲೇ ಭಕ್ತರು ಕಾಸರಗೋಡಿನ ಈ ಗುಡಿಯನ್ನು ಪದ್ಮನಾಭನ ಮೂಲಸ್ಥಾನವೆನ್ನುತ್ತಾರೆ. ಸರೋವರದ ಒಂದು ಮೂಲೆಯಲ್ಲಿರುವ ಗುಹೆಯನ್ನು ಇಂದಿಗೂ ತೋರಿಸುತ್ತಾರೆ.

ಬಬಿಯಾ

ಸರೋವರದಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ಗುಡಿಯ ಕಾವಲುಗಾರನೆಂದು ಜನ ಕಾಣುತ್ತಿದ್ದರು. ಮೊಸಳೆ ಸ್ವಭಾವತಃ ಮಾಂಸಾಹಾರಿ. ಆದರೂ ಬಬಿಯಾ ನೈವೇದ್ಯದ ಅನ್ನವನ್ನಷ್ಟೇ ತಿನ್ನುತ್ತಿತ್ತೆಂಬುದು ಭಕ್ತರ ನಂಬಿಕೆ. ಹಿಂದಿನ ಮೊಸಳೆಯನ್ನು ಬ್ರಿಟಿಷ್ ಸೈನಿಕನೊಬ್ಬನು 1945ರಲ್ಲಿ ಗುಂಡಿಕ್ಕಿ ಕೊಂದನೆಂದೂ, ಆತ ಹಾವು ಕಚ್ಚಿ ಸತ್ತನೆಂದೂ ಹೇಳುತ್ತಾರೆ. ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ಅಂತಿಮ ದರ್ಶನಕ್ಕೆ ಅಪಾರ ಜನ ನೆರೆದರು. 2023ರ ನವೆಂಬರಿನಲ್ಲಿ ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ನಮಗೂ ಅವರಿಗೂ ಇರುವ ನಂಟು

1953ರ ಸೆಪ್ಟೆಂಬರ್ ಕೊನೆಯವರೆಗೆ ಎರಡು ಅನಂತಪುರಗಳೂ ಮದ್ರಾಸ್ ರಾಜ್ಯದಲ್ಲಿಯೇ ಇದ್ದವು. ಆ ಅಕ್ಟೋಬರ್ 1ರಂದು ನಮ್ಮ ಜಿಲ್ಲೆ ಆಂಧ್ರಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಎರಡೂ ಕಡೆಯ ಗಡಿನಾಡಿನ ಮಕ್ಕಳು ಇಂದಿಗೂ ಕನ್ನಡ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಶಾಸನ, ದಾಖಲೆಗಳು ಸಿಗದೆಡೆ ಊರಿನ ನೆನಪು ಉಳಿಯುವುದು ಇಂಥ ಕಥೆಗಳಲ್ಲಿಯೇ. ಹೇಳುವ ಭಾಷೆ ಮನೆಯಿಂದ ಮರೆಯಾದರೆ ಕಥೆಯೂ ಮರೆಯಾಗುತ್ತದೆ. ನಮ್ಮೂರಿನ ಗುಡಿ, ಕೆರೆಗಳ ಐತಿಹ್ಯಗಳನ್ನು ಅಜ್ಜ-ಅಜ್ಜಿಯರಿಂದ ಕೇಳಿ, ನಡೆದದ್ದು ಯಾವುದು, ನಂಬಿದ್ದು ಯಾವುದು ಎಂದು ಬೇರ್ಪಡಿಸಿ, ಮಕ್ಕಳಿಂದ ಕನ್ನಡದಲ್ಲಿ ಬರೆಯಿಸೋಣ.