ಗುರುವಿಗೆ ಸಲ್ಲುವ ಕಾಣಿಕೆ

ನಮ್ಮ ಊರುಗಳಲ್ಲಿ ಶಾಲಾ ಶಿಕ್ಷಕರೊಬ್ಬರು ನಿವೃತ್ತರಾದಾಗ ನಡೆಯುವ ಬೀಳ್ಕೊಡುಗೆ ಸಮಾರಂಭವನ್ನು ನೀವು ಬಲ್ಲಿರಿ. ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಇವೆಲ್ಲ ಸಲ್ಲಬೇಕಾದ ಗೌರವವೇ ಸರಿ. ಆದರೆ ಹಾರ ಮರುದಿನ ಬಾಡುತ್ತದೆ. ಶಿಕ್ಷಕರೂ ಮೆಲ್ಲನೆ ಮರೆತುಹೋಗುತ್ತಾರೆ. ಇದಕ್ಕಿಂತ ಬಾಳಿಕೆಯ ಗೌರವ ಯಾವುದಿದ್ದೀತು? ಅಮೆರಿಕದ ಒಬ್ಬ ಹಳ್ಳಿಶಾಲೆಯ ಶಿಕ್ಷಕಿಯ ಚರಿತ್ರೆ ಈ ಪ್ರಶ್ನೆಗೆ ಉತ್ತರವಾಗಬಲ್ಲದು.

ಅವರ ಹೆಸರು ವರ್ಜೀನಿಯಾ ಎಸ್ಟೆಲ್ ರ್‍ಯಾಂಡಾಲ್ಫ್. 1870ರ ದಶಕದಲ್ಲಿ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಜನಿಸಿದರು. ಅವರ ತಂದೆ ತಾಯಿ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಬಾಲ್ಯದಲ್ಲೇ ತಂದೆ ತೀರಿಕೊಂಡಾಗ ತಾಯಿ ದುಡಿದು ಮಕ್ಕಳನ್ನು ಸಾಕಿದರು. ಹದಿಹರೆಯದಲ್ಲೇ ಪಾಠ ಹೇಳತೊಡಗಿದ ವರ್ಜೀನಿಯಾ, 1892ರಲ್ಲಿ ಹೆನ್ರೈಕೊ ಕೌಂಟಿಯ ಮೌಂಟನ್ ರೋಡ್ ಶಾಲೆಗೆ ಬಂದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು. ಅಂದು ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಇನ್ನೊಂದು ಶಾಲೆ. ಇವರಿಗೆ ಸಿಕ್ಕಿದ್ದು ಒಂದೇ ಕೋಣೆಯ ಬಡಶಾಲೆ.

ಅವರು ಗೋಡೆಗೆ ಸುಣ್ಣ ಬಳಿದರು, ಕೆಸರಿನ ದಾರಿಗೆ ಜಲ್ಲಿ ಹಾಕಿಸಿದರು, ಅಂಗಳದಲ್ಲಿ ಗಿಡ ನೆಟ್ಟರು. ಓದು, ಬರಹ, ಲೆಕ್ಕಗಳ ಜೊತೆಗೆ ಹೊಲಿಗೆ, ಅಡುಗೆ, ತೋಟಗಾರಿಕೆ, ಬುಟ್ಟಿ ಹೆಣೆಯುವುದನ್ನೂ ಕಲಿಸಿದರು. ಇದನ್ನು ಕಂಡು ಕೆಲವು ಪೋಷಕರು ಸಿಡಿದೆದ್ದರು. ಮಕ್ಕಳನ್ನು ಶಾಲೆಗೆ ಕಳುಹಿಸಿದ್ದು ಪುಸ್ತಕ ಓದಲೆಂದು, ಬುಟ್ಟಿ ಹೆಣೆಯಲೆಂದಲ್ಲ ಎಂಬುದು ಅವರ ವಾದ. ಶಿಕ್ಷಕಿಯನ್ನು ತೆಗೆದುಹಾಕುವಂತೆ ಮನವಿಯನ್ನೂ ಸಲ್ಲಿಸಿದರು. ಆ ಅಂಜಿಕೆ ಅಕಾರಣವಾಗಿರಲಿಲ್ಲ. ಕಪ್ಪು ಮಕ್ಕಳಿಗೆ ಕೈಕೆಲಸವೇ ಸಾಕು, ಉನ್ನತ ವಿದ್ಯೆ ಬೇಡ ಎನ್ನುವ ಅಧಿಕಾರಸ್ಥರು ಆ ಕಾಲದಲ್ಲಿ ಬಹಳವಿದ್ದರು. ವರ್ಜೀನಿಯಾ ಅವರು ಕೋಪಿಸಿಕೊಳ್ಳದೆ ಮನೆಮನೆಗೆ ನಡೆದು ಪೋಷಕರ ವಿಶ್ವಾಸ ಗಳಿಸಿದರು.

1907ರಲ್ಲಿ ಫಿಲಡೆಲ್ಫಿಯಾದ ಅನ್ನಾ ಜೀನ್ಸ್ ಎಂಬ ಕ್ವೇಕರ್ ಪಂಥದ ಮಹಿಳೆ ದಕ್ಷಿಣದ ಹಳ್ಳಿಗಳ ಕಪ್ಪು ಮಕ್ಕಳ ಶಾಲೆಗಳಿಗಾಗಿ 10 ಲಕ್ಷ ಡಾಲರ್‌ಗಳನ್ನು ದಾನವಿತ್ತರು. ಆ ನಿಧಿಯಿಂದ 1908ರಲ್ಲಿ ನೇಮಕಗೊಂಡ ಮೊದಲ ಮೇಲ್ವಿಚಾರಕ ಶಿಕ್ಷಕಿಯೇ ವರ್ಜೀನಿಯಾ ರ್‍ಯಾಂಡಾಲ್ಫ್. ಕೌಂಟಿಯ 23 ಶಾಲೆಗಳ ಹೊಣೆ ಅವರ ಹೆಗಲಿಗೆ ಬಂತು. ಅವರ ಕಾರ್ಯವಿಧಾನ ‘ಹೆನ್ರೈಕೊ ಯೋಜನೆ’ ಎಂಬ ಹೆಸರಿನಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಮಾದರಿಯಾಯಿತು. ಅದೇ ವರ್ಷ ಮಕ್ಕಳೊಡನೆ ಶಾಲೆಯ ಆವರಣದಲ್ಲಿ ಹನ್ನೆರಡು ಸಿಕಮೋರ್ ಸಸಿಗಳನ್ನು ನೆಟ್ಟರು: ಯೇಸುಸ್ವಾಮಿಯ ಹನ್ನೆರಡು ಪ್ರೇಷಿತರ ನೆನಪಿಗೆ ತಲಾ ಒಂದು. 1915ರಲ್ಲಿ ಅವರ ಹೆಸರಿನದೇ ತರಬೇತಿ ಶಾಲೆ ತೆರೆಯಿತು. 1929ರಲ್ಲಿ ಅದು ಬೆಂಕಿಗೆ ಆಹುತಿಯಾದಾಗಲೂ ಅವರು ಎದೆಗುಂದಲಿಲ್ಲ. ಶಾಲೆ ಮತ್ತೆ ಎದ್ದು ನಿಂತಿತು.

ಹೆನ್ರೈಕೊದಲ್ಲಿ 57 ವರ್ಷ ದುಡಿದು 1949ರಲ್ಲಿ ಅವರು ನಿವೃತ್ತರಾದರು. 1954ರಲ್ಲಿ ಅವರ ಗೌರವಾರ್ಥ ಒಂದು ಪ್ರತಿಷ್ಠಾನ ಸ್ಥಾಪನೆಯಾಯಿತು. ಹೆನ್ರೈಕೊ ಕೌಂಟಿಯ ಪ್ರೌಢಶಾಲೆ ಮುಗಿಸಿ ಕಾಲೇಜು ಸೇರುವ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುವುದು ಅದರ ಕೆಲಸ. ಬಣ್ಣ ನೋಡಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದೂ ಅದೇ ವರ್ಷ. 1958ರಲ್ಲಿ ಅವರು ತೀರಿಕೊಂಡರು. 1970ರಲ್ಲಿ ಶಾಲೆಯ ಆವರಣದ ಕಟ್ಟಡವೊಂದು ಅವರ ನೆನಪಿನ ವಸ್ತುಸಂಗ್ರಹಾಲಯವಾಯಿತು. ಅವರ ಸಮಾಧಿಯೂ ಅಲ್ಲೇ ಇದೆ.

ಓದುಗರೇ, ಆ ಮನವಿಯನ್ನು ಮತ್ತೊಮ್ಮೆ ನೆನೆಯಿರಿ. ತಮ್ಮ ಮಕ್ಕಳು ಬುಟ್ಟಿ ಹೆಣೆಯುವುದರಲ್ಲೇ ಉಳಿದುಬಿಟ್ಟಾರು ಎಂದು ತಾಯಂದಿರು, ತಂದೆಯಂದಿರು ಅಂದು ಹೆದರಿದ್ದರು. ಯಾರ ಬಗ್ಗೆ ಹೆದರಿದ್ದರೋ ಅವರ ಹೆಸರಿನ ಸಹಾಯದಿಂದಲೇ ಅದೇ ಊರಿನ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಒಬ್ಬ ಶಿಕ್ಷಕಿಗೆ ಇದಕ್ಕಿಂತ ಒಪ್ಪುವ ಗೌರವ ಬೇರೆ ಉಂಟೇ? ಅದು ಅವರು ಬದುಕಿರುವಾಗಲೇ ಸಂದಿತು ಎಂಬುದನ್ನೂ ಗಮನಿಸಿರಿ.

ಇಂಥದನ್ನು ಮಾಡಲು ಅನ್ನಾ ಜೀನ್ಸ್‌ರಷ್ಟು ಸಿರಿವಂತಿಕೆ ಬೇಕಿಲ್ಲ. ಒಬ್ಬ ಶಿಕ್ಷಕರ ಕೈಯಲ್ಲಿ ಕಲಿತ ಹತ್ತಾರು ಮಂದಿ ಒಂದು ಧರ್ಮಕೇಂದ್ರದಲ್ಲಿ ಸೇರಿ, ತಮ್ಮ ಶಕ್ತಿಯಷ್ಟು ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಅದರ ಬಡ್ಡಿಯಿಂದ ವರುಷಕ್ಕೊಂದು ಮಗುವಿನ ಪುಸ್ತಕದ ವೆಚ್ಚವಾದರೂ ನಡೆದೀತು. ಸಾಸಿವೆಯ ಕಾಳಿನಿಂದ ಮರವಾಗುವ ಸಾಮತಿಯನ್ನು ನಾವು ಬಾಲ್ಯದಿಂದ ಕೇಳುತ್ತ ಬಂದವರಲ್ಲವೇ?

ನಿಮಗೆ ಅಕ್ಷರ ಕಲಿಸಿದವರು ಇಂದೂ ನಿಮ್ಮ ಊರಿನಲ್ಲಿದ್ದರೆ, ಈ ಭಾನುವಾರ ಪೂಜೆ ಮುಗಿದ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಯಾವ ಮಗುವಿಗೆ ಸಹಾಯ ಬೇಕಾಗಿದೆ ಎಂಬುದನ್ನು ಬಹುಶಃ ಅವರೇ ಹೇಳಿಯಾರು.