ಕ್ಯಾಟ್ ತಯಾರಿ: ಪೆನ್ಸಿಲಿನಿಂದ ಪರದೆಗೆ

ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ 2008ರವರೆಗೆ ಕಾಗದದ ಮೇಲೆಯೇ ನಡೆಯುತ್ತಿತ್ತು. ಉತ್ತರ ಗೊತ್ತಿದ್ದರೆ ಸಾಲದು. ಓಎಂಆರ್ ಹಾಳೆಯ ಪುಟ್ಟ ವೃತ್ತವನ್ನು ಗೆರೆ ದಾಟದಂತೆ ತುಂಬಲೂ ಕೈ ಪಳಗಬೇಕಿತ್ತು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಿದ್ದರಿಂದ ಯಾವ ಪ್ರಶ್ನೆಯನ್ನು ಕೈಬಿಡಬೇಕೆಂಬ ವಿವೇಕವೇ ಅಣಕು ಪರೀಕ್ಷೆಗಳು ಕಲಿಸುತ್ತಿದ್ದ ನಿಜವಾದ ಪಾಠ. 2003ರ ನವೆಂಬರಿನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಗಿ, ಅಭ್ಯರ್ಥಿಗಳೆಲ್ಲ 2004ರ ಫೆಬ್ರುವರಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಓದಿದವರಿಗೆ ಅದು ದೊಡ್ಡ ಅನ್ಯಾಯ. 2009ರಲ್ಲಿ ಪರೀಕ್ಷೆ ಕಂಪ್ಯೂಟರಿಗೆ ಬಂತು. ಮೊದಲ ದಿನಗಳಲ್ಲೇ ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟವು. 2015ರಲ್ಲಿ ಪ್ರತಿ ವಿಭಾಗಕ್ಕೂ 60 ನಿಮಿಷದ ಕಟ್ಟುಪಾಡು ಬಂದು, ಪರದೆಯ ಮೇಲೆ ಕ್ಯಾಲ್ಕುಲೇಟರೂ ಸೇರಿತು. ಅಲ್ಲಿಂದಾಚೆ ಬಲವಾದ ವಿಭಾಗದಲ್ಲಿ ಉಳಿಸಿದ ಸಮಯವನ್ನು ದುರ್ಬಲ ವಿಭಾಗಕ್ಕೆ ಹಾಕುವ ಹಳೆಯ ತಂತ್ರ ನಡೆಯಲಿಲ್ಲ. 2020ರಲ್ಲಿ, ಕೋವಿಡ್ ಕಾಲದಲ್ಲಿ, ವಿಭಾಗದ ಅವಧಿ 40 ನಿಮಿಷಕ್ಕೆ ಇಳಿಯಿತು.