ಎನಾಮೆಲ್ ಮನೆಯ ಏಳುಬೀಳು

ಎರಡು ತೆಳು ಉಕ್ಕಿನ ತಗಡು, ನಡುವೆ ಶಾಖ ತಡೆಯುವ ನೊರೆಯಂಥ ಪ್ಲಾಸ್ಟಿಕ್. ಶೀತಲಗೃಹಗಳಿಗೆ ಬಳಸುವ ಇಂಥ ‘ಪಫ್ ಪ್ಯಾನೆಲ್’ಗಳಿಂದ ಈಗ ವಾಸದ ಮನೆಗಳನ್ನೂ ಕಟ್ಟುತ್ತಿದ್ದಾರೆ. ಗೋಡೆಯನ್ನು ಕಾರ್ಖಾನೆಯಲ್ಲೇ ತಯಾರಿಸಿ ನಿವೇಶನದಲ್ಲಿ ಜೋಡಿಸುವ ಆಸೆ ಮಾತ್ರ ಹಳೆಯದು. ಅದರ ಬೆನ್ನುಹತ್ತಿ ಅಮೆರಿಕ ಸರ್ಕಾರ ಒಮ್ಮೆ ಮೂರೂಮುಕ್ಕಾಲು ಕೋಟಿ ಡಾಲರ್ ಸಾಲ ಕೊಟ್ಟು ಕೈಸುಟ್ಟುಕೊಂಡಿತು.

ಎರಡನೇ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಊರಿಗೆ ಮರಳಿದಾಗ ಅಲ್ಲಿ ಸಾಕಷ್ಟು ಮನೆಗಳಿರಲಿಲ್ಲ. 1946ರಲ್ಲಿ ಕಾರ್ಲ್ ಸ್ಟ್ರ್ಯಾಂಡ್‌ಲಂಡ್ ಎಂಬ ಉದ್ಯಮಿ ಪೆಟ್ರೋಲ್ ಬಂಕುಗಳನ್ನು ಕಟ್ಟಲು ಉಕ್ಕು ಕೇಳಿಕೊಂಡು ವಾಷಿಂಗ್ಟನ್ನಿಗೆ ಬಂದ. ಬಂಕಿಗೆ ಉಕ್ಕಿಲ್ಲ, ಮನೆಗಾದರೆ ಉಂಟು ಎಂಬ ಉತ್ತರ ಸಿಕ್ಕಿತು. ಹಾಗಾದರೆ ಮನೆಯನ್ನೇ ಕಟ್ಟುವುದೆಂದು ಆತ ನಿರ್ಧರಿಸಿದ.

ಓಹಿಯೋ ರಾಜ್ಯದ ಕೊಲಂಬಸ್ಸಿನಲ್ಲಿ ಯುದ್ಧವಿಮಾನ ತಯಾರಾಗುತ್ತಿದ್ದ ಕಾರ್ಖಾನೆಯೊಂದು ಖಾಲಿ ಬಿದ್ದಿತ್ತು. ಅಲ್ಲಿ ‘ಲಸ್ಟ್ರಾನ್’ ಮನೆಗಳು ರೂಪುಗೊಂಡವು. ನಮ್ಮ ಅಡುಗೆಮನೆಗಳಲ್ಲಿದ್ದ ಎನಾಮೆಲ್ ತಟ್ಟೆಯನ್ನು ನೆನೆದರೆ ಆ ಮನೆಯ ಗುಟ್ಟು ತಿಳಿಯುತ್ತದೆ. ಹೊರಗೋಡೆ, ಒಳಗೋಡೆ, ಛಾವಣಿ ಎಲ್ಲವೂ ಕುಲುಮೆಯಲ್ಲಿ ಬೆಂದ ಗಾಜಿನ ಲೇಪವಿದ್ದ ಉಕ್ಕಿನ ತಗಡು. ಹೊರಗೋಡೆಗೆ ಎರಡಡಿ ಚೌಕದ ಹಲಗೆಗಳು, ಗೋಡೆಯೊಳಗೆ ಶಾಖ ತಡೆಯಲು ಗಾಜಿನ ನಾರು. ಇಂದಿನ ಪ್ಯಾನೆಲ್ ತಾನೇ ಭಾರ ಹೊರಬಲ್ಲದು. ಲಸ್ಟ್ರಾನಿನಲ್ಲಿ ಆ ಹೊಣೆ ಉಕ್ಕಿನ ಚೌಕಟ್ಟಿನದು. ಒಂದು ಮನೆಗೆ ಬೇಕಾದ ಮೂರು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳು ಒಂದೇ ಲಾರಿಯಲ್ಲಿ ಬರುತ್ತಿದ್ದವು. ಬಣ್ಣ ಹೊಡೆಯುವ ಖರ್ಚಿಲ್ಲ, ಗೆದ್ದಲಿನ ಭಯವಿಲ್ಲ. ನೀರು ಹಾಯಿಸಿದರೆ ಗೋಡೆ ಫಳಫಳ. ಆದರೆ ಮೊಳೆ ಹೊಡೆಯುವಂತಿಲ್ಲ. ಅಜ್ಜನ ಪಟ ತೂಗುಹಾಕಲೂ ಅಯಸ್ಕಾಂತವೇ ಬೇಕು!

ಮನೆ ಗಟ್ಟಿಯಾಗಿತ್ತು, ಸೋತದ್ದು ವ್ಯವಹಾರ. ದಿನಕ್ಕೆ ನೂರು ಮನೆ ಎಂಬ ಗುರಿಯ ಹತ್ತಿರವೂ ಕಾರ್ಖಾನೆ ಸುಳಿಯಲಿಲ್ಲ. ಏಳು ಸಾವಿರ ಡಾಲರಿನ ಆಸುಪಾಸು ಎಂದಿದ್ದ ಬೆಲೆ ಹತ್ತು ಸಾವಿರಕ್ಕೇರಿತು. ಇಟ್ಟಿಗೆ, ಮರಗಳನ್ನೇ ಮನಸ್ಸಿನಲ್ಲಿಟ್ಟು ಬರೆದ ನಗರಗಳ ಕಟ್ಟಡ ನಿಯಮಗಳು ಅಡ್ಡಬಂದವು. ಇದಕ್ಕಿಂತ ದೊಡ್ಡ ತೊಡಕು ಬ್ಯಾಂಕುಗಳದು. ಅಡಿಪಾಯಕ್ಕಿಷ್ಟು, ಛಾವಣಿಗಿಷ್ಟು ಎಂದು ಹಂತಹಂತವಾಗಿ ಸಾಲ ಕೊಡುವುದು ಅವುಗಳ ರೂಢಿ. ಇಲ್ಲಿಯೋ, ಲಾರಿ ಹೊರಡುವ ಮೊದಲೇ ಪೂರ್ತಿ ಹಣ ತೆರಬೇಕು! ಸೆನೆಟರ್ ಜೋಸೆಫ್ ಮೆಕಾರ್ಥಿಗೆ ವಸತಿ ಕುರಿತ ಕಿರುಹೊತ್ತಗೆಯೊಂದಕ್ಕೆ ಕಂಪನಿ ಹತ್ತು ಸಾವಿರ ಡಾಲರ್, ಅಂದರೆ ಒಂದು ಮನೆಯ ಬೆಲೆ, ಕೊಟ್ಟದ್ದೂ ಟೀಕೆಗೆ ಗುರಿಯಾಯಿತು. 1950ರಲ್ಲಿ ಸರ್ಕಾರ ಸಾಲ ವಸೂಲಿಗೆ ನಿಂತಿತು. ಅಷ್ಟರಲ್ಲಿ ತಯಾರಾದವು ಸುಮಾರು ಎರಡೂವರೆ ಸಾವಿರ ಮನೆಗಳು.

ಅದೇ ವರ್ಷಗಳಲ್ಲಿ ದೆಹಲಿಯೂ ಇಂಥದೇ ಕನಸು ಕಂಡಿತ್ತು. ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದವರಿಗೆ ಸೂರು ಬೇಕಿತ್ತು. ಹಿಟ್ಲರನ ಜರ್ಮನಿ ತೊರೆದು ಬಂದು, 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೋ ಕೋನಿಗ್ಸ್‌ಬರ್ಗರ್ 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವೇ. ದೆಹಲಿಯ ಸರ್ಕಾರಿ ಕಾರ್ಖಾನೆ ಉಕ್ಕಿನ ಬದಲು ಹಗುರ ಕಾಂಕ್ರೀಟಿನ ಹಲಗೆಗಳನ್ನು ಆರಿಸಿಕೊಂಡಿತು. ಅವು ಬಿರುಕುಬಿಟ್ಟವು, ಸಂಸತ್ತಿನಲ್ಲಿ ಗದ್ದಲವೆದ್ದಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು.

ಲಸ್ಟ್ರಾನ್ ಮನೆಗಳಲ್ಲಿ ಹಲವು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಸೇರಿವೆ. ಕೆಲವುಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ. ಹಲಗೆಯೊಂದು ಜಖಂಗೊಂಡರೆ ಹೊಸದನ್ನು ಮಾಡಿಕೊಡುವ ಆ ಕಾರ್ಖಾನೆಯೇ ಇಲ್ಲದ್ದರಿಂದ, ಎಲ್ಲಾದರೂ ಇನ್ನೊಂದು ಲಸ್ಟ್ರಾನ್ ಮನೆ ಕೆಡವುತ್ತಾರೆಂದು ತಿಳಿದರೆ ಅದರ ಹಲಗೆಗಳನ್ನು ಬಿಚ್ಚಿ ತಂದು ಕೂಡಿಡುತ್ತಾರೆ.